ದಂಡಿನ ಇಂಜಿನ್ನು, ನಮ್ಮ ಮಾವ

ಇಂಜಿನ್ನು ಶುರುವಾಗುವ ಹೊತ್ತಿಗೆ ನಮ್ಮ ಮಾವ ರುದ್ರಪ್ಪನವರು ಎರಡೂ ಕಿವಿಗೆ ಉಣ್ಣೆ ತುರುಕಿಕೊಂಡು, ಕಣ್ಣು ಮುಚ್ಚಿ, ಶಿವಶಿವಾ ಅನ್ನುತ್ತ ಜಗಲಿ ಮೇಲೆ ಕೂತುಬಿಡುತ್ತಿದ್ದರು. ಇಂಜಿನ್ನು ಅವರದೇ. ಮಿಡಿಗೇಶಿಯ ಸುತ್ತಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ.

ಮಾವ ಅಂದರೆ ನನ್ನ ಯಜಮಾನರ ತಂದೆ. ಹೆದರಿಕೆ ಅವರಿಗೆ ಹುಟ್ಟುಗುಣ. ಮಧುಗಿರಿ ಬಸ್ಸು ಹತ್ತುವ ಮೊದಲು ಡ್ರೈವರನ ಮುಖ ದಿಟ್ಟಿಸಿ, “ಸಂದಾಗಿ ನಿದ್ದೆ ಮಾಡಿದ್ದೀಯೇನಪ್ಪಾ?” ಅಂತ ಕೇಳುತ್ತಿದ್ದರು. ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದೆ.

ಅವರದು ಕಂಬಳಿ ವ್ಯಾಪಾರ. ಕುರುಬರು ಬಿಲ್ಲಿನಲ್ಲಿ ಉಣ್ಣೆ ಹಿಂಜಿ, ನೂತು, ನೆಯ್ದು ತಂದದ್ದನ್ನು ಕೊಂಡು ಸಂತೆಗೆ ಒಯ್ಯುತ್ತಿದ್ದರು. ಹಿಂಜುವುದಕ್ಕೆ ಒಂದು ಯಂತ್ರ ಬೇಕೆಂದು ಯಜಮಾನರು ಕಚೇರಿಗಳಿಗೆ ಅಲೆದು ಅಲೆದು ಸೋತಿದ್ದರು. ಯಾರೂ ಕಾಸು ಬಿಚ್ಚಿರಲಿಲ್ಲ. ಜರ್ಮನಿಯ ಯುದ್ಧ ಶುರುವಾಯಿತು ನೋಡಿ, ದಂಡಿಗೆ ಕಂಬಳಿ ಬೇಕಾಯಿತು. ಕೇಳದೆಯೇ ಸರ್ಕಾರದ ಮುಂಗಡ ಬಂತು, ಅದರ ಹಿಂದೆಯೇ ಲಾರಿಯಲ್ಲಿ ಇಂಜಿನ್ನೂ ಹಿಂಜುವ ಯಂತ್ರವೂ ಬಂದವು.

“ಇದ್ಯಾಕೋ ಸರಿ ಕಾಣಾಕಿಲ್ಲ ಕಣಮ್ಮ,” ಅಂದರು ಮಾವ. “ಸುಮ್ಕಿದ್ದಾಗ ಕೊಡ್ದೋರು ಹೊಡೆದಾಡುವಾಗ ಕೊಡ್ತಾವ್ರೆ ಅಂದ್ರೆ, ನಾಳೆ ಏನೋ ಕೇಳ್ತಾರೆ.”

ನಮ್ಮ ಕಡೆ ದೇವರನ್ನು ಕೂರಿಸುವಾಗ ಕಂಬಳಿ ಹಾಸಿ ಗದ್ದುಗೆ ಮಾಡುವುದು ವಾಡಿಕೆ. ಇಂಜಿನ್ನನ್ನೂ ಹಾಗೇ ಒಲಿಸಿಕೊಳ್ಳೋಣವೆಂದು ಮಾವ ಮೊದಲ ದಿನವೇ, ಓಡುವಾಗಷ್ಟೇ ಅದಕ್ಕೆ ಜೀವವೆಂದು ಅದು ಓಡುತ್ತಿರುವಾಗ, ಹೊಸ ಕರಿಕಂಬಳಿಯನ್ನು ಅದರ ಬುಡಕ್ಕೆ ತೂರಿಸಲು ಹೋದರು. ಇಂಜಿನ್ನಿನ ಚಕ್ರ ಸುತ್ತಿ ಯಂತ್ರ ತಿರುಗಿಸುವ ಬೆಲ್ಟು ಕಂಬಳಿಯ ಅಂಚನ್ನು ಕಚ್ಚಿಕೊಂಡಿತು. ಗದ್ದುಗೆಯ ಕಂಬಳಿ, ಕೈಬಿಡಲು ಅವರಿಗೆ ಮನಸ್ಸಾಗಲಿಲ್ಲ. ಕಂಬಳಿಯ ಜೊತೆ ಮಾವನೂ ಚಕ್ರದ ಕಡೆಗೆ ಸರಿದರು. ಯಜಮಾನರು ಓಡಿಬಂದು ಕೋಲಿನಿಂದ ಬೆಲ್ಟನ್ನು ತಳ್ಳಿ ಕೆಡವಿದ್ದರಿಂದ ಜೀವ ಉಳಿಯಿತು.

ಕಂಬಳಿ ಪರೀಕ್ಷೆಗೆ ಬಂದಿದ್ದ ದಂಡಿನ ಸಾಹೇಬ ಇದನ್ನೆಲ್ಲ ನೋಡುತ್ತ ನಿಂತಿದ್ದ. ಯಜಮಾನರ ಚುರುಕು ಅವನಿಗೆ ಹಿಡಿಸಿಬಿಟ್ಟಿತು. ಸ್ವಲ್ಪ ದಿನಕ್ಕೇ ಯಜಮಾನರಿಗೆ ದಂಡಿನ ವರ್ಕ್‌ಷಾಪಿನಿಂದ ಕರೆ ಬಂತು. ಯಂತ್ರವೆಂದರೆ ಪ್ರಾಣ ಬಿಡುವ ಮನುಷ್ಯ, ಖುಷಿಯಿಂದಲೇ ಬರ್ಮಾ ಗಡಿಗೆ ಹೊರಟರು.

ಆಮೇಲೆ ನಾನು ಮಾವನನ್ನು ನೋಡಿ ನಗಲಿಲ್ಲ. ಅಂಚೆಯವನು ನಮ್ಮ ಬೀದಿಗೆ ತಿರುಗಿದರೆ ನಾನು ನಡುಮನೆಗೆ ಓಡುತ್ತಿದ್ದೆ. ಮಾವ ಅದಾಗಲೇ ಅಲ್ಲಿರುತ್ತಿದ್ದರು. ಕಂಬಳಿ ಗಂಟು ಕಟ್ಟಿ, ಬಿಚ್ಚಿ, ಮತ್ತೆ ಎಣಿಸುತ್ತ ಕೇಳುತ್ತಿದ್ದರು: “ಕಂಬ್ಳಿ ಕಮ್ಮಿ ಆದ್ರೆ ನನ್ ಮಗ ಚಳೀಲಿ ಸಾಯ್ತಾನೆ. ಜಾಸ್ತಿ ಆದ್ರೆ ಯುದ್ಧ ನಿಲ್ಲಾಕಿಲ್ಲ. ನಾನೇನ್ ಮಾಡ್ಲವ್ವಾ?” ನನಗೂ ಅದೇ ದಿಗಿಲು.

ಯುದ್ಧ ಮುಗಿದು ಯಜಮಾನರು ಜೀವಂತ ಬಂದರು. ಮಾವ ಆಗಲೇ ಹಾಸಿಗೆ ಹಿಡಿದಿದ್ದರು. ಪಕ್ಕದಲ್ಲಿ ಕೂತು ಮಗ ಹೇಳಿದ್ದೇ ಹೇಳಿದ್ದು: ಗುಡ್ಡವನ್ನೇ ಸರಿಸಿ ರಸ್ತೆ ಮಾಡುವ ಬುಲ್ಡೋಜರು, ಬೆನ್ನ ಮೇಲೆ ಹೊತ್ತು ತಿರುಗುವ ವೈರ್‌ಲೆಸ್ಸು, ಕೊಳೆತ ಗಾಯ ಮಾಯಿಸುವ ಹೊಸ ಔಷಧಿ.

ಮಾವ ತಲೆಯೆತ್ತಿದರು. “ನಿಮ್ಮವ್ವ ಕಾಲಿನ ಗಾಯ ಕೊಳೆತು ಸಾಯುವಾಗ ಎಲ್ಲೋಗಿತ್ತ್ಲಾ ಆ ಔಸ್ತಿ?”

“ಆವಾಗ ಯುದ್ಧ ಇರ್ಲಿಲ್ವಲ್ಲಪ್ಪಾ. ಅಷ್ಟೊಂದು ದುಡ್ಡು ಯಾರು ಸುರೀತಾರೆ?”

ಮಾವನ ಮುಖ ಬಿಳಿಚಿಕೊಂಡಿತು. ಮಗನ ಮಣಿಕಟ್ಟು ಹಿಡಿದರು. “ಅಂಗಾರೆ ಇನ್ನೊಂದು ಯುದ್ಧ ಮಾಡೇ ಮಾಡ್ತಾರೆ ಕಣ್ಲಾ. ರುಚಿ ಹತ್ಬಿಟ್ಟದೆ ಅವ್ರಿಗೆ. ನೀನು ಹೋಗಾಕಿಲ್ಲ ಅನ್ನು. ಅನ್ಲಾ!”

ಯಜಮಾನರು ಇನ್ನೊಂದು ಕೈಯಿಂದ ಅವರ ಹೊದಿಕೆ ಸರಿಮಾಡಿದರು. ದಂಡಿಗೆ ವಿಮಾನ ಒದಗಿಸುವ ಬೆಂಗಳೂರಿನ ಕಾರ್ಖಾನೆಗೆ ಸೇರುವ ಆಸೆ ಅವರ ಮನಸ್ಸಿನಲ್ಲಿತ್ತೆಂಬುದು ನನಗೆ ಗೊತ್ತಿತ್ತು.

ಸಂಜೆಗೆ ಮಾವ ಹೋದರು. ಮಗನ ಮಣಿಕಟ್ಟು ಹಿಡಿದ ಕೈ ಹಾಗೇ ಇತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನು. ಬಿಡಿಸಿದರೆ ಇವರು ಹೊರಟುಬಿಡುತ್ತಾರೆಂದು ನನಗೂ ಭಯವಾಯಿತು.