ಕುದ್ರುವಿನ ಒಂದು ಓಟು

ಪಕ್ಕದ ಮನೆಯ ಮುದುಕ ತನ್ನ ಮರದ ಬೇಲಿಗೆ ಎಂತದೋ ಕಂದು ಎಣ್ಣೆ ಬಳಿಯುತ್ತಿದ್ದ. ಬಿಸಿಲಿಗೆ ಅದರ ವಾಸನೆ ಎದ್ದು ನಮ್ಮ ಗೇಟಿನವರೆಗೂ ಬಂದಿತ್ತು. ಡಾಂಬರು, ಎಣ್ಣೆ, ಕಾದ ಮರ, ಎಲ್ಲ ಸೇರಿದ ವಾಸನೆ. ನಾನು ಗೇಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಕಣ್ಣೆದುರಿಗೆ ಕೊವೆಂಟ್ರಿಯ ರಸ್ತೆ, ಸಾಲಾಗಿ ನಿಂತ ಕಾರುಗಳು. ಮೂಗಿಗೆ ಮಾತ್ರ ನಮ್ಮ ಹೊಳೆ, ಮರಳ ಮೇಲೆ ಕವುಚಿ ಹಾಕಿದ ದೋಣಿ...

“ಅಜ್ಜೀ, ಕಮ್ ಆನ್! ನೀನ್ ಹೀಗೆ ನಿಂತ್ರೆ ನೆಕ್ಸ್ಟ್ ಎಲೆಕ್ಷನ್ನೇ ಬರತ್ತೆ” ಅಂತ ಮೊಮ್ಮಗಳು ಕೈ ಎಳೆದಳು.

ಆ ದಿನ ನನಗಿದ್ದ ಖುಷಿಯನ್ನು ಹೇಗೆ ಹೇಳಲಿ? ಹುಟ್ಟಿದಾಗ ನನ್ನ ಎರಡು ಅಂಗೈಯಲ್ಲಿ ಹಿಡಿಸುತ್ತಿದ್ದ ಹುಡುಗಿ. ಸ್ನಾನ ಮಾಡಿಸಿದ್ದು ನಾನು, ಎಣ್ಣೆ ಹಚ್ಚಿದ್ದು ನಾನು, ಶಾಲೆಗೆ ಕೈ ಹಿಡಿದು ಬಿಟ್ಟು ಬಂದದ್ದು ನಾನು. ಈಗ ಹದಿನೆಂಟು ತುಂಬಿ ಈ ದೇಶದ ಪಾರ್ಲಿಮೆಂಟಿಗೆ ಮೊದಲ ಓಟು ಹಾಕುತ್ತಾಳೆ! ಅದರ ಮೇಲೆ ನನ್ನ ಹೆಸರಿಗೂ ಒಂದು ಕಾರ್ಡು ಬಂದಿತ್ತು. ನಮ್ಮ ದೇಶದ ಪಾಸ್‌ಪೋರ್ಟ್ ಇದ್ದು ಇಲ್ಲೇ ವಾಸ ಮಾಡುವವರಿಗೂ ಇಲ್ಲಿ ಓಟಿದೆಯಂತೆ. ಮಗಳು ಹೇಳಿದಾಗ ನಾನು ನಂಬಲೇ ಇಲ್ಲ. ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಮಗಳ ಮದುವೆಯ ಸೀರೆ ಉಟ್ಟು, ಎರಡು ಸೇರು ಅಕ್ಕಿಯ ಚಕ್ಕುಲಿ ಕರಿದು ಕೂತಿದ್ದೆ. “ಅಮ್ಮ, ಓಟು ಹಾಕೋಕೆ ಹೋಗ್ತಿದೀಯೋ ಹೆಣ್ಣು ನೋಡೋಕೋ?” ಅಂತ ಮಗಳು ನಕ್ಕಳು. ನಗಲಿ. ಉಕ್ಕುವ ಹಾಲಿಗೆ ಮುಚ್ಚಳ ಹಾಕುವುದಕ್ಕಾಗುತ್ತದಾ?

ಆದರೆ ಆ ಬೇಲಿಯ ವಾಸನೆ ಓಟಿನ ಹಾಲ್‌ವರೆಗೂ ಹಿಂದೆಯೇ ಬಂತು. ಜೊತೆಗೆ ಅವರೂ ಬಂದರು. ನಮ್ಮ ಕಡವಿನ ಮಾವ.

ನಾನು ಹುಟ್ಟಿದ್ದು ಕುಂದಾಪುರದ ಕಡೆಯ ಒಂದು ಕುದ್ರುವಿನಲ್ಲಿ. ಕುದ್ರು ಅಂದರೆ ಹೊಳೆಯ ನಡುವಿನ ನೆಲ, ನಾಲ್ಕೂ ಕಡೆ ನೀರು. ನಮ್ಮದರಲ್ಲಿ ನಲವತ್ತು ಮನೆ, ಒಂದು ದೈವದ ಕಲ್ಲು, ನಾಲ್ಕನೇ ಕ್ಲಾಸಿನವರೆಗೆ ಒಂದು ಶಾಲೆ. ನನ್ನ ಓದು ಅಲ್ಲಿಗೇ ಮುಗಿದದ್ದು. ಬಸುರಿಯಾಗಲಿ, ಹೆಣವಾಗಲಿ, ಆಚೆ ದಡಕ್ಕೆ ಹೋಗಬೇಕಾದರೆ ದೋಣಿಯೇ. ದೋಣಿ ಹತ್ತುವ ಜಾಗಕ್ಕೆ ನಾವು ಕಡವು ಅನ್ನುತ್ತೇವೆ. ಅಲ್ಲಿ ದೋಣಿ ದಾಟಿಸುತ್ತಿದ್ದವರು ಈ ಮಾವ. ಸಂಬಂಧದಲ್ಲಿ ಮಾವನಲ್ಲ, ಕುದ್ರುವಿನ ಮಕ್ಕಳಿಗೆಲ್ಲ ಮಾವ. ಮಾತು ಕಡಿಮೆ. ನಾವು ಹುಡುಗಿಯರು ಗೇರುಬೀಜದ ಕಾರ್ಖಾನೆಗೆ ಹೋಗುವಾಗ ಒಬ್ಬಳು ತಡವಾದರೂ ಬಿಟ್ಟು ಹೋಗುತ್ತಿರಲಿಲ್ಲ. “ಆ ಉದ್ದ ಜಡೆ ಬರ್ಲಿಲ್ಲ ಇನ್ನೂ” ಅಂತ ಹುಟ್ಟು ಊರಿಕೊಂಡು ಕಾಯುತ್ತಿದ್ದರು. ಆ ಉದ್ದ ಜಡೆ ನಾನು.

ನನಗೆ ಇಪ್ಪತ್ತೊಂದು ತುಂಬಿದ ವರ್ಷ ಪಾರ್ಲಿಮೆಂಟಿನ ಚುನಾವಣೆ ಬಂತು. ಆಗ ಇಪ್ಪತ್ತೊಂದಕ್ಕೇ ಓಟು. ಸೇತುವೆ ಕೊಡುತ್ತೇವೆ ಅಂತ ಹೇಳಿ ಓಟು ತೆಗೆದುಕೊಂಡು ಹೋದವರು ಎಷ್ಟೋ ಜನ. ಆ ಸಲ ಹಿರಿಯರು ಸೇರಿ, ಸೇತುವೆ ಆಗುವ ತನಕ ಕುದ್ರುವಿನಿಂದ ಒಂದು ಓಟೂ ಇಲ್ಲ ಅಂತ ತೀರ್ಮಾನ ಮಾಡಿದರು. ದೈವದ ಕಲ್ಲಿನ ಎದುರು ಒಂದು ತೆಂಗಿನಕಾಯಿ ಇಟ್ಟು, ಮನೆಗೊಬ್ಬರಂತೆ ಮುಟ್ಟಿ ಆಣೆ ಮಾಡಿದರು. ನಮ್ಮ ಮನೆಯಿಂದ ಅಪ್ಪಯ್ಯ ಮುಟ್ಟಿದರು. ಕಡವಿನ ಮಾವನೂ ಮುಟ್ಟಿದರು. ಹೆಂಗಸರನ್ನು ಯಾರೂ ಕರೆಯಲಿಲ್ಲ. ನಮ್ಮ ಓಟು ನಮ್ಮದು ಅಂತ ಯಾರಿಗೂ ಅನ್ನಿಸಿರಲೇ ಇಲ್ಲ, ನಮಗೂ.

ಓಟಿನ ದಿನ ಡಬ್ಬ ಹಿಡಿದುಕೊಂಡು ಬಂದ ಆಫೀಸರುಗಳನ್ನು ಮಾವನೇ ದಾಟಿಸಿದರು. ಅದು ಅವರ ಕೆಲಸ, ಬೇಡ ಅನ್ನುವ ಹಾಗಿರಲಿಲ್ಲ. ಶಾಲೆಯಲ್ಲಿ ಮೇಜು ಹಾಕಿ ಕೂತರು. ಹತ್ತಾಯಿತು, ಹನ್ನೆರಡಾಯಿತು, ಒಂದು ನೊಣವೂ ಬರಲಿಲ್ಲ. ಅವರಿಗೆ ಒಂದು ಲೋಟ ನೀರು ಕೊಡಬಾರದು ಅಂತಲೂ ಆಗಿತ್ತು. ಮಾವ ಮಾತ್ರ ತಮ್ಮ ಮನೆಯಿಂದ ಒಂದು ಪಾತ್ರೆ ಗಂಜಿ, ಉಪ್ಪಿನಕಾಯಿ ತಂದುಕೊಟ್ಟರು. “ಅವ್ರೂ ಅಮ್ಮ ಹೆತ್ತ ಮಕ್ಳೇ” ಅಂದರಂತೆ. ಯಾರ್ಯಾರು ಕಣ್ಣು ಬಿಟ್ಟು ನೋಡಿದರೋ.

ಚುನಾವಣೆ ಅಂತ ಕಾರ್ಖಾನೆಗೆ ರಜೆ. ಮಧ್ಯಾಹ್ನ ಮೇಲೆ ನಾನು ಸೌದೆ ಹೊತ್ತುಕೊಂಡು ಶಾಲೆಯ ಹಿಂದಿನಿಂದ ಬರುತ್ತಿದ್ದೆ. ಒಳಗೆ ಒಬ್ಬ ಗುಮಾಸ್ತ ಬೇಸರ ಕಳೆಯುವುದಕ್ಕೆ ಪಟ್ಟಿ ಹಿಡಿದು ಹೆಸರು ಓದುತ್ತಿದ್ದ. ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ, ರಾಗವಾಗಿ. ಸತ್ತುಹೋದ ನಮ್ಮ ಅಜ್ಜಯ್ಯನ ಹೆಸರು ಓದಿದ. ಅಪ್ಪಯ್ಯನದು ಓದಿದ. ಆಮೇಲೆ ನನ್ನದು. ಪೂರ್ತಿ ಹೆಸರು, ಇಂಥವರ ಮಗಳು ಅಂತ. ಮನೆಯಲ್ಲಿ ನಾನು ‘ಹೆಣೆ’, ಅಂದರೆ ಬರೀ ‘ಹುಡುಗಿ’; ಕಾರ್ಖಾನೆಯಲ್ಲಿ ಒಂದು ನಂಬರು. ಸರಕಾರದ ಪುಸ್ತಕದಲ್ಲಿ ನಾನಿದ್ದೇನೆ ಅಂತ ನನಗೆ ಗೊತ್ತೇ ಇರಲಿಲ್ಲ. ನನ್ನ ಬಾಯಿ ನನ್ನನ್ನು ಕೇಳದೆ ಕೂಗಿಬಿಟ್ಟಿತು: “ಬಂದೇ ಸಾರ್!”

ಸೌದೆ ಇಳಿಸಿ ಒಳಗೆ ಹೋದೆ. ಗುಮಾಸ್ತ ಹೆದರಿ ಎದ್ದು ನಿಂತ. ಆಮೇಲೆ ನನ್ನ ಕೈ ನೋಡಿ ನಕ್ಕ. “ಇದ್ರಲ್ಲಿ ಶಾಯಿ ಎಲ್ಲಿ ಹಚ್ಚೋದಮ್ಮ?” ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ತಾಗಿ ನಮ್ಮೆಲ್ಲರ ಬೆರಳು ಇದ್ದಿಲಿನಂತೆ ಕಪ್ಪು. ಹಚ್ಚಿದ, ಕಾಣಿಸಲಿಲ್ಲ. ಕಾಗದ ಕೊಟ್ಟ, ಮುದ್ರೆ ಒತ್ತಿದೆ. ಯಾವ ಚಿತ್ರಕ್ಕೆ ಒತ್ತಿದೆನೋ, ದೇವರಾಣೆ ನೆನಪಿಲ್ಲ. ಹೊರಗೆ ಬಂದಾಗ ಜಗಲಿಯ ತುದಿಯಲ್ಲಿ ಕಡವಿನ ಮಾವ ಗಂಜಿ ಪಾತ್ರೆ ತೊಳೆಯುತ್ತಿದ್ದರು. ನನ್ನನ್ನು ನೋಡಿದರು. ಒಂದು ಗಳಿಗೆ... ಆಮೇಲೆ ಮುಖವನ್ನು ಹೊಳೆಯ ಕಡೆಗೆ ತಿರುಗಿಸಿಕೊಂಡರು.

ಮಾರನೆಯ ದಿನ ಮಧ್ಯಾಹ್ನದ ದೋಣಿಯಲ್ಲಿ ಪೇಪರು ಬಂತು. ಕುದ್ರುವಿನಲ್ಲಿ ಬಿದ್ದದ್ದು ಒಂದೇ ಓಟು, ಅಂತ ಬರೆದಿತ್ತು.

ಶೂನ್ಯವಾಗಿದ್ದರೆ ಹೆಮ್ಮೆ. ಒಂದು ಅಂದರೆ ಆಣೆ ಮುರಿದವನೊಬ್ಬ ನಮ್ಮ ನಡುವೆಯೇ ಇದ್ದಾನೆ ಅಂತ. ಸಂಜೆ ಗಂಡಸರನ್ನೆಲ್ಲ ಕಡವಿನಲ್ಲಿ ಸಾಲಾಗಿ ನಿಲ್ಲಿಸಿ ಎಡಗೈ ಬೆರಳು ನೋಡಿದರು. ಹೆಂಗಸರ ಕೈ ಯಾರೂ ನೋಡಲಿಲ್ಲ. ನೋಡಿದ್ದರೂ ಎಲ್ಲವೂ ಕಪ್ಪು. ಗಂಡಸರಲ್ಲಿ ಬೆರಳು ಕಪ್ಪಾಗಿದ್ದದ್ದು ಒಬ್ಬರದು. ಮಾವ ಓಟಿಗೆ ಎರಡು ದಿನ ಮೊದಲು ದೋಣಿ ಕವುಚಿ ಹಾಕಿ ಡಾಂಬರು ಬಳಿದಿದ್ದರು.

“ಇದ್ ಡಾಂಬರಾ, ಶಾಯಿಯಾ?” ಅಂತ ಹಿರಿಯರೊಬ್ಬರು ಕೇಳಿದರು.

“ನಿಮ್ಗೆ ಎಂತ ಕಾಣತ್ತೋ ಅದೇ.”

“ದೈವದ ಎದ್ರು ಕಾಯಿ ಮುಟ್ಟಿದವ ನೀನು. ಹೇಳ್, ಹಾಕ್ಲಿಲ್ಲ ಅಂತ ಒಂದ್ ಮಾತ್ ಹೇಳ್ ಮಾರಾಯ, ಬಿಡ್ತೇವೆ.”

ಅವರು ಹೇಳಲಿಲ್ಲ. ಹೇಳಿದ್ದರೆ ಮತ್ತೆ ಯಾರು ಅಂತ ಹುಡುಕುತ್ತಿದ್ದರು. ಮುಂದಿನ ತಿಂಗಳು ನನ್ನ ಮದುವೆ ನಿಶ್ಚಯವಾಗಿತ್ತು. ಅಪ್ಪಯ್ಯನ ಆಣೆ ಮುರಿದ ಮಗಳನ್ನು ಯಾರು ಮನೆ ತುಂಬಿಸಿಕೊಳ್ಳುತ್ತಿದ್ದರು? ಹೆಂಗಸರ ಗುಂಪಿನಲ್ಲಿ ನಾನೂ ನಿಂತಿದ್ದೆ, ಹತ್ತು ಮಾರು ದೂರದಲ್ಲಿ. “ನಾನು” ಅನ್ನುವುದು ಎರಡೇ ಅಕ್ಷರ. ಹಿಂದಿನ ದಿನ ಕೇಳದೆ ಕೂಗಿದ ಬಾಯಿ ಆ ದಿನ ತೆರೆಯಲಿಲ್ಲ.

ಮರುದಿನದಿಂದ ಯಾರೂ ಅವರ ದೋಣಿ ಹತ್ತಲಿಲ್ಲ. ಇನ್ನೊಬ್ಬ ದೋಣಿ ತಂದ. ಮಾವ ಮಾತ್ರ ದಿನಾ ಬೆಳಿಗ್ಗೆ ಅದೇ ಜಾಗದಲ್ಲಿ ಖಾಲಿ ದೋಣಿಯಲ್ಲಿ ಕೂತಿರುತ್ತಿದ್ದರು. ಮೊದಲ ದಿನ ನಾನು ತಲೆ ತಗ್ಗಿಸಿಕೊಂಡು ಅವರ ದೋಣಿಯ ಕಡೆಗೆ ಎರಡು ಹೆಜ್ಜೆ ಇಟ್ಟೆ. ಅವರು ಮೆಲ್ಲಗೆ, ನನಗೊಬ್ಬಳಿಗೇ ಕೇಳುವ ಹಾಗೆ ಅಂದರು: “ಆಚೆ ದೋಣಿಗೆ ಹೋಗ್ ಮಗಾ. ಒಬ್ಳೇ ಇದ್ರಲ್ಲಿ ಕೂತ್ರೆ ಎಲ್ರಿಗೂ ಗೊತ್ತಾತ್ತ್.” ಹೋದೆ. ಮದುವೆಯಾಗಿ ಹೊರಡುವ ದಿನವೂ ಆಚೆ ದೋಣಿಯಲ್ಲೇ ಹೋದೆ. ಆ ಮಳೆಗಾಲ ಮುಗಿಯುತ್ತಲೇ ಅವರು ದೋಣಿ ಮಾರಿ, ಹೆಂಡತಿ, ಒಂದು ಸಣ್ಣ ಮಗಳ ಜೊತೆ ಕುದ್ರು ಬಿಟ್ಟರಂತೆ. ನಾನು ಬಾಣಂತನಕ್ಕೆ ಬಂದಾಗ ಕಡವಿನಲ್ಲಿ ಅವರ ಜಾಗ ಖಾಲಿ ಇತ್ತು. ಎಲ್ಲಿ ಅಂತ ಕೇಳುವುದಕ್ಕೂ ಹೆದರಿದೆ. ಐವತ್ತು ವರ್ಷ ಕೇಳಲಿಲ್ಲ... ನನ್ನ ಗಂಡನಿಗೂ, ಅವರು ತೀರಿಕೊಳ್ಳುವ ತನಕ, ಹೇಳಲಿಲ್ಲ.

ಇಲ್ಲಿ ಓಟು ಹಾಕಿ ಹೊರಗೆ ಬಂದಾಗ ಮೊಮ್ಮಗಳು ಕುಣಿಯುತ್ತಿದ್ದಳು. “ಅಜ್ಜಿ, ವಾಟ್ ವಾಸ್ ಯುವರ್ ಫಸ್ಟ್ ಟೈಮ್ ಲೈಕ್?” ಅಂದಳು. ಅಲ್ಲೇ ಗೋಡೆಯ ಮೇಲೆ ಕೂತು ಎಲ್ಲ ಹೇಳಿದೆ. ಅವಳಿಗೆ ಎಷ್ಟು ಅರ್ಥವಾಯಿತೋ. ಎಲ್ಲ ಕೇಳಿ, ನನ್ನ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು, “ಆ ಮಗಳು? ಶಿ ಮಸ್ಟ್ ಬಿ ಸಮ್‌ವೇರ್” ಅಂದಳು.

ಕುದ್ರುವಿನಲ್ಲಿ ನನ್ನ ತಮ್ಮ ಇದ್ದಾನೆ. ಅವನಿಗೆ ಫೋನು ಮಾಡಿದೆ. “ಈಗ ಎಂತಕ್ಕೆ ಅಕ್ಕ ಅದೆಲ್ಲ? ಸೇತುವೆ ಆಗಿ ಅದ್ರ ಮೇಲೆ ಬಸ್ ಓಡ್ತಾ ಇದೆ” ಅಂತ ಬೈದ. ಬೈದುಕೊಂಡೇ ಒಂದು ವಾರದಲ್ಲಿ ಮಾವನ ಮಗಳ ನಂಬರು ಹುಡುಕಿಕೊಟ್ಟ.

ಬೆಳಿಗ್ಗೆ ಎಂಟಕ್ಕೆ ಕರೆ ಮಾಡಿದೆ. ಅಲ್ಲಿ ಊಟದ ಹೊತ್ತು. ನಾನು ಯಾರು ಅಂತ ಹೇಳಿದೆ. ಆಕೆ ಸಂತೋಷದಿಂದಲೇ ಮಾತಾಡಿದಳು. ಅವಳ ಅಪ್ಪಯ್ಯ ಹೋಗಿ ಇಪ್ಪತ್ತು ವರ್ಷದ ಮೇಲಾಯಿತಂತೆ. ಓಟಿನ ಮಾತು ನಾನೇ ತೆಗೆದೆ.

“ಹೌದಕ್ಕ, ಆ ಒಂದ್ ಓಟ್ ಅಪ್ಪಯ್ಯನೇ ಹಾಕಿದ್ದು” ಅಂದಳು. “ಅಮ್ಮ ಕೇಳಿದ್ರೆ, ಹೌದು ನಾನೇ ಅಂತಿದ್ರು. ಅಮ್ಮ ಅದನ್ನ ಕಡೆತನಕ ಕ್ಷಮಿಸ್ಲಿಲ್ಲ. ಒಂದ್ ಓಟಿಗೆ ಮನೆ ಮಠ ಬಿಡ್ಸಿದ ಗಂಡ್ಸು ಅಂತ, ಸಾಯೋತನಕ ಸರಿಯಾಗಿ ಮಾತಾಡ್ಲಿಲ್ಲ.”

ಮಾವ ಹೆಂಡತಿಗೂ ನಿಜ ಹೇಳಿರಲಿಲ್ಲ. ಫೋನು ಇಟ್ಟುಬಿಡಬಹುದಿತ್ತು. ಮೊಮ್ಮಗಳು ಎದುರಿಗೆ ಕೂತು ನೋಡುತ್ತಿದ್ದಳು.

“ಅವ್ರು ಹಾಕ್ಲಿಲ್ಲ ಮಗಾ. ಹಾಕಿದ್ದು ನಾನು. ನನ್ನ ಮದುವೆ ನಿಲ್ಲಬಾರದು ಅಂತ ನಿನ್ನ ಅಪ್ಪಯ್ಯ ತಲೆ ಮೇಲೆ ಹಾಕ್ಕೊಂಡ್ರು.”

ಆ ಕಡೆ ಎಲ್ಲೋ ಒಂದು ಕುಕ್ಕರು ಕೂಗಿತು. ಬೈಯಲಿ ಅಂತ ಕಾದೆ. ಅಳಲಿ ಅಂತ ಕಾದೆ. ಆಕೆ ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದಳು:

“ಆಗ ನಂಗೆ ಮೂರು ವರ್ಷ ಅಕ್ಕ, ಒಂದೂ ನೆನಪಿಲ್ಲ. ಅಪ್ಪಯ್ಯ ದಿನಾ ಖಾಲಿ ದೋಣೀಲಿ ಕೂತಿರ್ತಿದ್ರು ಅಂತಾರಲ್ಲ... ನೀವು ನೋಡಿದ್ರಿ ಅಲ್ವಾ? ಹೇಗಿದ್ರು? ಅವ್ರ ಮುಖ ಹೇಗಿತ್ತು ಆಗ?”

ಆ ದಿನಗಳಲ್ಲಿ ನಾನು ಎಷ್ಟು ಸಲ ಆ ದೋಣಿಯ ಪಕ್ಕದಿಂದ ಹೋಗಿದ್ದೇನೆ. ಎರಡು ಮಾರು ದೂರ ಅಷ್ಟೇ. ಒಂದು ದಿನವೂ ತಲೆ ಎತ್ತಿ ಅವರ ಮುಖ ನೋಡಿರಲಿಲ್ಲ.