ಶೈಲಶ್ರೀಯ ಕಾರು ಮತ್ತು ಎರಡು ಎಣ್ಣೆ ಪೈಪು

ಶೈಲಶ್ರೀ ಕಾರು ಓಡಿಸಲು ಕಲಿತದ್ದು ಆಸೆಪಟ್ಟಲ್ಲ. ಅವಳ ಗಂಡ ಆನಂದಕುಮಾರ ಚಿಂಚೋಳಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ. ಒಂದು ಮುಂಜಾನೆ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ನಿಂತವನು ನಿಂತಲ್ಲೇ ಬಿದ್ದು ಕೈಕಾಲು ಸೆಟೆದುಕೊಂಡ. ಕಲಬುರಗಿಯ ಡಾಕ್ಟರು ಮೂರ್ಛೆರೋಗ ಎಂದರು. ಮಾತ್ರೆ ಬರೆದುಕೊಟ್ಟು, ಇನ್ನು ಮೇಲೆ ಸ್ಟೇರಿಂಗ್ ಮುಟ್ಟಕೂಡದು ಎಂದು ಹೇಳಿ ಕಳಿಸಿದರು. ಬಿದ್ದಾಗ ಕಾರಿನಲ್ಲಿರಲಿಲ್ಲವಲ್ಲ, ಅದೇ ಪುಣ್ಯ ಎಂದು ನೆಂಟರೆಲ್ಲ ಸಮಾಧಾನಪಟ್ಟರು. ಆನಂದಕುಮಾರ ಮಾತ್ರ ಮನೆಗೆ ಬಂದವನೇ ಕೀಲಿಯನ್ನು ದೇವರ ಜಗಲಿಯ ಮೇಲಿಟ್ಟು ಗೋಡೆಯ ಕಡೆ ಮುಖಮಾಡಿ ಮಲಗಿಬಿಟ್ಟ.

ಕಾರು ಹಳೆಯ ಡೀಸೆಲ್ ಅಂಬಾಸಡರ್. ಮಾರಲು ಹೋದರೆ ಗುಜರಿಯವರೂ ಹಿಂದೆಮುಂದೆ ನೋಡುವಂಥದ್ದು. ಆದರೆ ಕುಂಚಾವರಂ ಕಡೆಯ ಶಾಲೆಗಳಿಗೆ ದಿನಾ ಹೋಗಿಬರುವ ಟೀಚರುಗಳು ಅದನ್ನೇ ನಂಬಿದ್ದರು. ಅದು ನಿಂತರೆ ಮನೆಯ ಒಲೆಯೂ ನಿಲ್ಲುತ್ತಿತ್ತು. ಕೊಡ್ಲಿಯ ತವರುಮನೆಯಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿ ರೂಢಿಯಿದ್ದ ಶೈಲಶ್ರೀ ಜಗಲಿಯ ಮೇಲಿನ ಕೀಲಿ ತೆಗೆದುಕೊಂಡು ಗಂಡನ ಮುಂದೆ ಹಿಡಿದಳು.

"ಏಳ್ರಿ. ಪಕ್ಕದಾಗ ಕುಂತು ಹೇಳಿಕೊಡ್ರಿ."

ಅವನು ಹೇಳಿಕೊಟ್ಟ. ಅವಳು ಕಲಿತಳು, ಲೈಸೆನ್ಸ್ ಆಯಿತು, ಟೀಚರುಗಳಿಗೂ ಭಯ ಹೋಯಿತು. ಭಯ ಹೋಗದೆ ಉಳಿದದ್ದು ಗಂಡ ಹೆಂಡಿರಿಬ್ಬರಿಗೆ ಮಾತ್ರ. ಅವಳಿಗೆ, ಮನೆಯಲ್ಲಿ ಒಬ್ಬನೇ ಇರುವ ಗಂಡ ಎಲ್ಲಿ ಬಿದ್ದಿರುತ್ತಾನೋ ಎಂಬ ಭಯ. ಅವನಿಗೆ, ಕಾಡಿನ ದಾರಿಯಲ್ಲಿ ಇಂಜಿನ್ ಎಲ್ಲಿ ಕೈಕೊಡುತ್ತದೋ ಎಂಬ ಭಯ. ಕುಂಚಾವರಂ ಕಾಡಿನೊಳಗೆ ಫೋನು ಹತ್ತುವುದಿಲ್ಲ. ಆ ಹೊತ್ತಿನಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರಿಗಿಲ್ಲ. ಸಂಜೆ ಕಾರು ಬಂದು ನಿಂತ ಕೂಡಲೇ ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು.

"ಆಯಿಲ್ ಮೀಟರಿನ ಮುಳ್ಳು ಎಲ್ಲಿತ್ತು?"

ಚಳಿಗಾಲದಲ್ಲಿ ಆ ಮುಳ್ಳು ಎಲ್ಲಿರಬೇಕೋ ಅಲ್ಲೇ ಇರುತ್ತಿತ್ತು. ಮಾರ್ಚ್ ಬಂದು ಬಿಸಿಲೇರಿದಂತೆ, ಏರುದಾರಿ ಮುಗಿಸಿ ಕಾರು ನಿಧಾನ ಮಾಡಿದಾಗಲೆಲ್ಲ ಕೆಳಗಿಳಿಯತೊಡಗಿತು. ಬಿಸಿಗೆ ಎಣ್ಣೆ ನೀರಾಗುತ್ತಿದೆ, ನೀರಾದ ಎಣ್ಣೆಗೆ ಒತ್ತಡ ನಿಲ್ಲುವುದಿಲ್ಲ, ಹೀಗೇ ಬಿಟ್ಟರೆ ಒಂದು ದಿನ ಬೇರಿಂಗ್ ಕಚ್ಚಿಕೊಂಡು ಇಂಜಿನ್ ಜಾಮಾಗುತ್ತದೆ ಎಂದು ಆನಂದಕುಮಾರ ಹೇಳಿದ. ಹೇಳಿ ಸುಮ್ಮನಾಗಲಿಲ್ಲ. ಊಟಕ್ಕೆ ಕೂತಾಗ ಅದೇ ಮಾತು, ಮಲಗಿದಾಗ ಅದೇ ಮಾತು. ಕಡೆಗೆ ಒಂದು ದಿನ, "ಆಯಿಲ್ ಕೂಲರ್ ಹಾಕ್ಸೋಣು" ಎಂದ.

"ಅದೇನ್ರಿ ಅದು?"

"ರೇಡಿಯೇಟರ್ ಅದ ಅಲ್ಲ, ಅದರ ತಮ್ಮ ಅಂತ ತಿಳಕೊ. ಮುಂದ ಗಾಳಿಗಿ ಕುಂದ್ರಸ್ತಾರ. ಬಿಸಿ ಎಣ್ಣಿ ಒಂದು ಪೈಪಿನಾಗ ಅಲ್ಲಿಗಿ ಹೋಗ್ತದ, ಆರಿಕೊಂಡು ಇನ್ನೊಂದು ಪೈಪಿನಾಗ ತಿರುಗಿ ಬರ್ತದ. ಅಷ್ಟೇ."

ಸೇಡಂನಲ್ಲಿ ಗ್ಯಾರೇಜು ಇಟ್ಟಿದ್ದ ಅತೀಕ ಆನಂದಕುಮಾರನ ಹಳೆಯ ದೋಸ್ತ. ಈ ಕಾರಿಗೆಂದೇ ಮಾಡಿದ ಕೂಲರು ಎಲ್ಲೂ ಸಿಗುವಂತಿರಲಿಲ್ಲ. ಬೇರೆ ಗಾಡಿಯದೊಂದನ್ನು ಅತೀಕ ಹೈದರಾಬಾದಿನಿಂದ ತರಿಸಿದ. ಇಂಜಿನ್ನಿಗೂ ಫಿಲ್ಟರಿಗೂ ನಡುವೆ ಕೂರಿಸುವ ದಪ್ಪ ಬಿಲ್ಲೆಯೊಂದು ಬೇಕಿತ್ತು. ಎಣ್ಣೆ ಹೊರಗೆ ಹೋಗಲು ಒಂದು ಬಾಯಿ, ಒಳಗೆ ಬರಲು ಒಂದು ಬಾಯಿ ಇರುವ ಬಿಲ್ಲೆ. ಅದನ್ನು ಶಹಾಬಾದಿನ ಲೇಥ್ ಅಂಗಡಿಯಲ್ಲಿ ಕಡೆಸಿದರು. ಪೈಪುಗಳನ್ನು ವಾಡಿಯಲ್ಲಿ, ಕಲ್ಲು ಗಣಿಗಳ ಮಶೀನಿಗೆ ಪೈಪು ಮಾಡಿಕೊಡುವವರ ಹತ್ತಿರ, ಅಳತೆ ಕೊಟ್ಟು ಕಟ್ಟಿಸಿದರು.

ಶಾಲೆಗೆ ರಜೆಯಿದ್ದ ಒಂದು ದಿನ ಶೈಲಶ್ರೀ ಗಂಡನನ್ನು ಕೂರಿಸಿಕೊಂಡು ಸೇಡಂಗೆ ಹೋದಳು. ಎಷ್ಟೋ ತಿಂಗಳ ಮೇಲೆ ಆನಂದಕುಮಾರನ ಕೈಗೆ ನಟ್ಟು ತಿರುಗಿಸುವ ಪಾನಾ ಬಂದಿತ್ತು. ಅತೀಕನನ್ನು ಪಕ್ಕಕ್ಕೆ ಸರಿಸಿ ತಾನೇ ಕಾರಿನ ಕೆಳಗೆ ತೂರಿದ. ಬಿಲ್ಲೆ ಕೂರಿಸಿ, ಕೂಲರನ್ನು ಗ್ರಿಲ್ಲಿನ ಹಿಂದೆ ಬಿಗಿದು, ಒಂದು ಪೈಪು ಎಳೆದು ಜೋಡಿಸಿ, ತಗಡಿಗೆ ತಾಗದಂತೆ ಕ್ಲಿಪ್ಪು ಹಾಕಿದ. "ಶೈಲಾ, ಲೈಟ್ ಹಿಡಿ. ಇಲ್ಲಿ ನೋಡು, ಇದು ಹೋಗೋದು, ಇದು ಬರೋದು. ಎರಡಕ್ಕೂ ಒಂದೇ ಸೈಜಿನ ನಟ್ಟು" ಎಂದು ಕೆಳಗಿನಿಂದಲೇ ವಿವರಿಸುತ್ತಿದ್ದ. ಅವನ ದನಿ ಇಷ್ಟು ಗೆಲುವಾಗಿದ್ದುದನ್ನು ಅವಳು ಮರೆತೇಬಿಟ್ಟಿದ್ದಳು.

ಎರಡನೆಯ ಪೈಪಿನ ನಟ್ಟು ಬಿಗಿದಾಗಿತ್ತು. ಕೆಳಗಿನಿಂದ ಮಾತು ನಿಂತಿತು. ಪಾನಾ ಠಣ್ಣೆಂದು ನೆಲಕ್ಕೆ ಬಿತ್ತು. ಹೊರಗೆ ಚಾಚಿದ್ದ ಅವನ ಕಾಲುಗಳು ಅದುರತೊಡಗಿದವು.

ಅತೀಕ ಮತ್ತು ಅವಳು ಸೇರಿ ಅವನನ್ನು ಹೊರಗೆಳೆದರು. ಅವಳು ಅವನನ್ನು ಪಕ್ಕಕ್ಕೆ ಹೊರಳಿಸಿ ತಲೆಯ ಕೆಳಗೆ ತನ್ನ ಸೆರಗು ಮಡಿಸಿ ಇಟ್ಟಳು. "ಕೈಯಾಗ ಕಬ್ಬಿಣ ಹಿಡಸ್ರಿ" ಎಂದು ಯಾರೋ ಕೂಗಿದರು. "ಏನೂ ಹಿಡಸಬ್ಯಾಡ್ರಿ, ಗಾಳಿ ಬಿಡ್ರಿ" ಎಂದು ಅವಳು ಗದರಿದಳು. ಸ್ವಲ್ಪ ಹೊತ್ತಿಗೆ ಅವನು ಕಣ್ಣು ಬಿಟ್ಟ. ಎಲ್ಲಿದ್ದೇನೆಂಬುದು ತಿಳಿಯದೆ ಸುತ್ತ ನೋಡಿದ. ಮಾತ್ರೆಗಳನ್ನು ನುಂಗಿಸಿ, ನೀರು ಕುಡಿಸಿ ಬೆಂಚಿನ ಮೇಲೆ ಮಲಗಿಸಿದರು. ಉಳಿದ ಕೆಲಸವನ್ನು ಅತೀಕ ಲಗುಬಗೆಯಿಂದ ಮುಗಿಸಿ, ಎಣ್ಣೆ ತುಂಬಿ, ಇಂಜಿನ್ ಚಾಲೂ ಮಾಡಿ ನೋಡಿದ. ಎಲ್ಲೂ ಸೋರಲಿಲ್ಲ. "ಮುಗೀತು ವೈನಿ. ಮೊದಲು ಇವನಿಗಿ ಮನಿಗಿ ಕರಕೊಂಡ್ ಹೋಗ್ರಿ" ಎಂದ.

ಮುಂದಿನ ವಾರ ಕಾರು ಹೊಸ ಕಾರಿನಂತೆ ಓಡಿತು. ಏರಿನಲ್ಲೂ ಮುಳ್ಳು ಕದಲಲಿಲ್ಲ. ಆನಂದಕುಮಾರ ಸಂಜೆ ಬಾನೆಟ್ಟಿನ ಮೇಲೆ ಕೈಯಿಟ್ಟು, ಕೇಳದೆಯೇ ನಕ್ಕು ಒಳಗೆ ಹೋಗುತ್ತಿದ್ದ.

ಆ ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಶೈಲಶ್ರೀ ಶಾಲೆಯ ಮುಂದೆ ಬೇವಿನ ನೆರಳಲ್ಲಿ ಕಾರು ನಿಲ್ಲಿಸಿಕೊಂಡು ಕೂತಿದ್ದಳು. ಸುಶ್ಮಿತಾ ಟೀಚರು ಓಡಿಬಂದರು. ಒಳಗೆ ಶ್ರೀವಿದ್ಯಾ ಟೀಚರಿಗೆ ಹೊಟ್ಟೆನೋವು ಕಾಣಿಸಿಕೊಂಡಿತ್ತು. ಶ್ರೀವಿದ್ಯಾ ಏಳು ತಿಂಗಳ ಬಸುರಿ. ಇನ್ನೊಂದು ವಾರಕ್ಕೆ ರಜೆ ಹಾಕುವವರಿದ್ದರು. ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ಸುಶ್ಮಿತಾ ತೊಡೆಯ ಮೇಲಿಟ್ಟುಕೊಂಡರು. ಶೈಲಶ್ರೀ ಚಿಂಚೋಳಿಯ ದಾರಿ ಹಿಡಿದಳು.

ಕಾಡಿನ ನಡುವೆ, ಏರು ಹತ್ತಿ ಆಚೆ ಇಳಿಯುವಷ್ಟರಲ್ಲಿ, ಅವಳ ಕಣ್ಣು ಮೀಟರಿನ ಮೇಲೆ ಹೋಯಿತು. ಮುಳ್ಳು ನಡುಗುತ್ತಿತ್ತು. ನೋಡುತ್ತಿದ್ದಂತೆ ಇಳಿಯಿತು. ಇಂಜಿನ್ ಇನ್ನೂ ಚೆನ್ನಾಗಿಯೇ ಓಡುತ್ತಿತ್ತು. ಇನ್ನೊಂದಿಷ್ಟು ದೂರ ಹೋಗಿಬಿಡಲೇ ಎಂದು ಮನಸ್ಸು ಎಳೆಯಿತು. ಹಿಂದಿನಿಂದ ಶ್ರೀವಿದ್ಯಾ ನರಳಿದ್ದು ಕೇಳಿಸಿತು. ಮುಳ್ಳು ಸೊನ್ನೆಗೆ ಬಿತ್ತು. ಅವಳು ಇಂಜಿನ್ ಬಂದ್ ಮಾಡಿ, ಇಳಿಜಾರಿನ ಓಟದಲ್ಲೇ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು.

"ಯಾಕ್ರಿ ಅಕ್ಕಾ, ಯಾಕ್ ನಿಂದರಸಿದ್ರಿ?" ಸುಶ್ಮಿತಾ ಗಾಬರಿಯಾದರು.

"ಎಣ್ಣಿ ಹೋಗಾಕತ್ತದ. ಹಿಂಗೇ ಹೋದ್ರ ಇಂಜಿನ್ ನಿಂತುಬಿಡ್ತದ. ಆಮ್ಯಾಲ ಏನೂ ಮಾಡ್ಲಾಕ ಆಗಂಗಿಲ್ಲ."

ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಕುಂಚಾವರಂ ಕಡೆಯಿಂದ ಬೈಕೊಂದು ಬಂತು. ಹತ್ತಿರದ ತಾಂಡಾಕ್ಕೆ ಕಿರಾಣಿ ಒಯ್ಯುತ್ತಿದ್ದ ಭೀಮಶಾ ಎಂಬಾತ. ಶೈಲಶ್ರೀ ಅವನ ಬೈಕಿಗೆ ಅಡ್ಡ ನಿಂತಳು. "ಅಣ್ಣಾ, ಸಿಗ್ನಲ್ ಎಲ್ಲಿ ಸಿಗ್ತದೋ ಅಲ್ಲೀ ತನಾ ಹೋಗಿ ಆಂಬುಲೆನ್ಸಿಗಿ ಫೋನ್ ಹಚ್ಚು. ಬಸುರಿ ಹೆಣ್ಮಗಳು ಇದ್ದಾರ ಅಂತ ಹೇಳು." ಭೀಮಶಾ ಸಾಮಾನಿನ ಚೀಲವನ್ನು ಅಲ್ಲೇ ಮರದ ಬುಡದಲ್ಲಿ ಇಳಿಸಿ ಬೈಕ್ ಬಿಟ್ಟುಕೊಂಡು ಹೋದ. ಅವನು ಫೋನು ಮಾಡುತ್ತಾನೋ ಇಲ್ಲವೋ, ಮಾಡಿದರೂ ಗಾಡಿ ಎಷ್ಟು ಹೊತ್ತಿಗೆ ಬರುತ್ತದೋ, ಯಾವುದೂ ಗೊತ್ತಿರಲಿಲ್ಲ.

ಅವಳು ಬಾನೆಟ್ ಎತ್ತಿದಳು. ಕೂಲರಿನಿಂದ ತಿರುಗಿ ಬರುವ ಪೈಪು ಚಾಸಿಯ ತಗಡಿನ ಅಂಚಿಗೆ ಒರಗಿ, ಉಜ್ಜಿ ಉಜ್ಜಿ ಹರಿದಿತ್ತು. ಕಪ್ಪು ಎಣ್ಣೆ ತೊಟ್ಟಿಕ್ಕಿ ಟಾರಿನ ಮೇಲೆ ಹರಿಯುತ್ತಿತ್ತು. ಇನ್ನೊಂದು ಪೈಪನ್ನು ಅಂಚಿನಿಂದ ದೂರ ಹಿಡಿದು ಕ್ಲಿಪ್ಪು ಹಾಕಿ ಬಿಗಿದಿದ್ದರು. ಇದಕ್ಕೆ ಕ್ಲಿಪ್ಪು ಇರಲಿಲ್ಲ. ಏಕೆ ಇರಲಿಲ್ಲವೆಂಬುದು ಅವಳಿಗೆ ಆ ಕ್ಷಣವೇ ಹೊಳೆಯಿತು. ಕ್ಲಿಪ್ಪು ಹಾಕುವ ಮೊದಲೇ ಗಂಡನ ಕೈಯ ಪಾನಾ ನೆಲಕ್ಕೆ ಬಿದ್ದಿತ್ತು.

ಹರಿದ ಪೈಪನ್ನು ಕಟ್ಟಿ ನಿಲ್ಲಿಸುವುದು ಸಾಧ್ಯವಿರಲಿಲ್ಲ. ಎಣ್ಣೆಯ ಒತ್ತಡಕ್ಕೆ ಬಟ್ಟೆ, ಟೇಪು ಯಾವುದೂ ತಡೆಯುವುದಿಲ್ಲ. ಆದರೆ ಕೂಲರು ಇಲ್ಲದೆಯೂ ಈ ಕಾರು ವರ್ಷಗಟ್ಟಲೆ ಓಡಿತ್ತಲ್ಲ. ಎರಡಕ್ಕೂ ಒಂದೇ ಸೈಜಿನ ನಟ್ಟು. ಹರಿದದ್ದನ್ನು ಬಿಚ್ಚಿ ತೆಗೆದು, ಚೆನ್ನಾಗಿರುವ ಪೈಪಿನ ಇನ್ನೊಂದು ತುದಿಯನ್ನು ಕೂಲರಿನಿಂದ ಕಳಚಿ ಬಿಲ್ಲೆಯ ಖಾಲಿ ಬಾಯಿಗೇ ತಿರುಗಿಸಿ ಕೂರಿಸಿದರೆ, ಹೊರಗೆ ಹೋದ ಎಣ್ಣೆ ಒಂದು ಸುತ್ತು ಹಾಕಿ ಹಾಗೇ ಒಳಗೆ ಬರುತ್ತದೆ. ಹೌದೋ ಅಲ್ಲವೋ? ಗಂಡನನ್ನು ಕೇಳೋಣವೆಂದರೆ ಫೋನಿಲ್ಲ. ತಪ್ಪಾದರೆ ಇಂಜಿನ್ ಹೋಗುತ್ತದೆ. ಸುಮ್ಮನೆ ಕೂತರೆ, ಹಿಂದಿನ ಸೀಟಿನಲ್ಲಿರುವವರ ಗತಿ?

ಡಿಕ್ಕಿಯಲ್ಲಿ ಪಾನಾಗಳಿದ್ದವು, ಎಣ್ಣೆಯ ಡಬ್ಬಿಯೂ ಇತ್ತು. ಅವಳು ಸೆರಗನ್ನು ಸೊಂಟಕ್ಕೆ ಬಿಗಿದು, ಕೈಗೆ ಬಟ್ಟೆ ಸುತ್ತಿಕೊಂಡು ನಟ್ಟಿಗೆ ಪಾನಾ ಹಾಕಿದಳು. ಬಿಸಿ ಎಣ್ಣೆ ಬಟ್ಟೆ ತೋಯಿಸಿ ಮುಂಗೈಗೆ ಇಳಿಯಿತು. ಅವಳು ಅವುಡುಗಚ್ಚಿದಳು. ತಿರುಗಿಸಿ ತಂದ ಪೈಪಿನ ನಟ್ಟು ಮೊದಲು ಕೂರಲೇ ಇಲ್ಲ. ಓರೆಯಾಗಿ ಹತ್ತಿದರೆ ನಟ್ಟಿನೊಳಗಿನ ಸುತ್ತುಗೆರೆ, ಅದರ ಆಟೆ, ಹಾಳಾಗುತ್ತದೆಂದು ಹೆದರಿ, ಬಿಚ್ಚಿ, ಒರೆಸಿ, ಬರೀ ಬೆರಳಿನಲ್ಲೇ ಮೆಲ್ಲಗೆ ತಿರುಗಿಸಿದಳು.

"ಶೈಲಕ್ಕಾ," ಒಳಗಿನಿಂದ ಶ್ರೀವಿದ್ಯಾ ಕರೆದರು, "ಆಗ್ತದೇನ್ರಿ?"

"ಆಗ್ತದ ರೀ ಟೀಚರ್. ನೀವು ಉಸಿರು ಮೆಲ್ಲಕ ಎಳೀರಿ. ಆಗ್ತದ."

ತನಗೇ ನಂಬಿಕೆಯಿಲ್ಲದ ಮಾತನ್ನು ಅಷ್ಟು ಗಟ್ಟಿಯಾಗಿ ಹೇಗೆ ಹೇಳಿದೆನೆಂದು ಅವಳು ಆಮೇಲೆ ಎಷ್ಟೋ ಸಲ ಅಂದುಕೊಂಡದ್ದುಂಟು.

ಆಟೆ ಹತ್ತಿತು. ಬಿಗಿದಳು. ಪೈಪು ಅಂಚಿಗೆ ತಾಗದಂತೆ ಅದಕ್ಕೆ ತನ್ನ ಜಡೆಯ ರಿಬ್ಬನ್ ಬಿಚ್ಚಿ ಕಟ್ಟಿದಳು. ಹರಿದ ಪೈಪನ್ನು ಡಿಕ್ಕಿಗೆ ಹಾಕಿ, ಎಣ್ಣೆ ಸುರಿದಳು. ಕೀಲಿ ತಿರುಗಿಸಿದಾಗ ಮುಳ್ಳು ಏಳಲಿಲ್ಲ. ಇನ್ನೇನು ಬಂದ್ ಮಾಡಬೇಕು ಎನ್ನುವಾಗ ಮುಳ್ಳು ಅಲುಗಿ, ನಿಧಾನವಾಗಿ ಮೇಲೆ ಬಂತು. ಇಳಿದು ಕೆಳಗೆ ಬಗ್ಗಿ ನೋಡಿದಳು. ಹೊಸದಾಗಿ ಒಂದು ತೊಟ್ಟೂ ಬೀಳುತ್ತಿರಲಿಲ್ಲ.

ಉಳಿದ ದಾರಿಯನ್ನು ಅವಳು ನೋಡಿದ್ದಕ್ಕಿಂತ ಮೀಟರನ್ನು ನೋಡಿದ್ದೇ ಹೆಚ್ಚು. ಕಾಡು ಮುಗಿದು ತೊಗರಿ ಕೊಯ್ದ ಬಯಲು ಹೊಲಗಳು ಬಂದಾಗ ಎದುರಿನಿಂದ ಆಂಬುಲೆನ್ಸ್ ಬಂತು. ಅದರ ಹಿಂದೆಯೇ ಭೀಮಶಾನ ಬೈಕು. ಶ್ರೀವಿದ್ಯಾ ಅವರನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ಶೈಲಶ್ರೀ ರಸ್ತೆಯ ಪಕ್ಕ ಕೂತಳು. ಆಗಲೇ ಅವಳಿಗೆ ಮುಂಗೈಯ ಬೊಬ್ಬೆಗಳು ಕಂಡದ್ದು.

ಆನಂದಕುಮಾರ ಬೀದಿಯಲ್ಲೇ ನಿಂತಿದ್ದ. ಅವಳು ಬರುವುದು ತಡವಾದಷ್ಟೂ ಅವನು ಒಂದೊಂದೇ ಮನೆ ದಾಟಿ ತಿರುವಿನ ತನಕ ಬಂದಿದ್ದ. ದಾರಿಯುದ್ದಕ್ಕೂ ಅವಳು ಒಂದು ಸುಳ್ಳು ಕಟ್ಟಿಕೊಂಡು ಬಂದಿದ್ದಳು. ಕಲ್ಲು ಸಿಡಿದು ಪೈಪಿಗೆ ಬಡಿಯಿತೆಂದು ಹೇಳಬೇಕು ಎಂದು. ಅವನು ಅವಳ ಕೈ ನೋಡಿದ. ಬಾನೆಟ್ ಎತ್ತಿದ. ಡಿಕ್ಕಿಯಿಂದ ಹರಿದ ಪೈಪನ್ನು ತೆಗೆದು ಸವೆದ ಜಾಗದ ಮೇಲೆ ಬೆರಳಾಡಿಸಿದ.

"ಕ್ಲಿಪ್ ಹಾಕಿಲ್ಲ ನಾ."

ಸುಳ್ಳು ಅವಳ ಬಾಯಿಗೆ ಬರಲಿಲ್ಲ. "ಹೌದ್ರಿ. ಹಾಕೋದ್ರಾಗ ನಿಮಗ ಹಂಗಾಯ್ತು. ಅತೀಕ ಭಾಯಿನೂ ನೋಡಿಲ್ಲ, ನಾನೂ ನೋಡಿಲ್ಲ."

"ನಿನಗ ಏನರ ಆಗಿದ್ರ?" ಅವನು ಪೈಪನ್ನು ನೆಲಕ್ಕೆ ಹಾಕಿದ. "ನಿನಗ ಛಲೋ ಆಗ್ಲಿ ಅಂತ ಹಾಕಿದ್ದು, ಶೈಲಾ."

"ಗೊತ್ತದ ರೀ. ನೀವು ತೋರಿಸಿಕೊಟ್ಟಿದ್ದಕ್ಕೇ ಇವತ್ತ ನಾ ಮನಿಗಿ ಬಂದೀನಿ. ಈಗ ಮೊದಲು ಕೈಗಿ ಏನರ ಹಚ್ಚರಿ, ಭಾಳ ಉರಿಯಾಕತ್ತದ."

ಶ್ರೀವಿದ್ಯಾ ಟೀಚರ ನೋವನ್ನು ಕಲಬುರಗಿಯ ಡಾಕ್ಟರುಗಳು ಔಷಧಿ ಕೊಟ್ಟು ನಿಲ್ಲಿಸಿದರು. ಕೆಲ ವಾರ ಅಲ್ಲೇ ಹಾಸಿಗೆ ಹಿಡಿದಿದ್ದು, ದಿನ ತುಂಬುವ ಹೊತ್ತಿಗೆ ಹೆಣ್ಣುಮಗು ಹೆತ್ತರು. ಸಣ್ಣ ಮಗು, ಆದರೆ ಆರೋಗ್ಯವಾಗಿತ್ತು.

ಆ ಘಟನೆಯಾದ ವಾರದಲ್ಲೇ, ಕೂಲರನ್ನು ಕಿತ್ತು ಹಾಕಿಬಿಡೋಣ ಎಂದು ಆನಂದಕುಮಾರ ಹಟ ಹಿಡಿದ. ಬೇಸಿಗೆ ಇನ್ನೂ ಬಾಕಿ ಇದೆ ಎಂದು ಶೈಲಶ್ರೀ ಒಪ್ಪಲಿಲ್ಲ. ಮತ್ತೆ ಸೇಡಂಗೆ ಹೋದರು. ಅತೀಕ ಅವಳ ಮುಖ ನೋಡಲಾಗದೆ, "ಮಾಫ್ ಮಾಡ್ರಿ ವೈನಿ" ಎಂದು ತಲೆ ತಗ್ಗಿಸಿದ. ಈ ಸಲ ಕಾರಿನ ಕೆಳಗೆ ಇಳಿದವಳು ಅವಳು. ಆನಂದಕುಮಾರ ಹೊರಗೆ ಕುರ್ಚಿಯ ಮೇಲೆ ಕೂತು, ಒಂದೊಂದು ನಟ್ಟಿನ ಹೆಸರು ಹೇಳಿ ಬಿಗಿಯಾಯಿತೇ ಎಂದು ಕೇಳುತ್ತಿದ್ದ. ಅವಳು ಕೆಳಗಿನಿಂದ ಹೂಂಗುಟ್ಟುತ್ತಿದ್ದಳು. ಪೈಪು ಅಂಚಿಗೆ ಸಮೀಪ ಬರುವಲ್ಲೆಲ್ಲ ರಬ್ಬರು ಸುತ್ತಿ ಕ್ಲಿಪ್ಪು ಹಾಕಿದರು.

ಅವಳು ಈಗಲೂ ಅದೇ ದಾರಿಯಲ್ಲಿ ಅದೇ ಕಾರು ಓಡಿಸುತ್ತಾಳೆ. ಭಯ ಹೋಯಿತೇ ಎಂದು ಕೇಳಿದರೆ ಇಲ್ಲ ಎನ್ನುತ್ತಾಳೆ. ಏರು ಮುಗಿದಲ್ಲಿ, ಮೀಟರು ಸರಿಯಿದ್ದರೂ, ಒಂದು ಸಲ ಕಾರು ನಿಲ್ಲಿಸಿ ಇಳಿಯುತ್ತಾಳೆ. ಟೀಚರುಗಳು ಗೊಣಗುವುದನ್ನು ಬಿಟ್ಟಿದ್ದಾರೆ. ಅವಳು ಮೊಣಕಾಲೂರಿ, ತಲೆ ಬಗ್ಗಿಸಿ, ಕಾರಿನ ಕೆಳಗಿನ ನೆಲ ಒಣಗಿದೆಯೇ ಎಂದು ನೋಡಿ, ಕೈ ಕೊಡವಿಕೊಂಡು ಮತ್ತೆ ಸ್ಟೇರಿಂಗ್ ಹಿಡಿಯುತ್ತಾಳೆ.