ಅಪ್ಪನ ಕ್ಯಾಮೆರಾ ಮತ್ತು ಮೂವತ್ತು-ನಲವತ್ತರ ಸೈಟು

ನಮ್ಮ ಕಡೆ ಯಾವುದರ ಬೆಲೆಯನ್ನೂ ಬರೀ ರೂಪಾಯಿಯಲ್ಲಿ ಹೇಳಿ ಸುಮ್ಮನಾಗುವುದಿಲ್ಲ. ಮಗಳ ಮದುವೆಗೆ ಎಷ್ಟಾಯಿತು ಎಂದು ಕೇಳಿದರೆ ‘ಅರ್ಧ ಸೈಟು ಹೋಯ್ತು’ ಎನ್ನುತ್ತಾರೆ. ನಗರ ಬೆಳೆದು ಬಂದು, ನಮ್ಮೂರು ಚಿಕ್ಕಲಸಂದ್ರದಲ್ಲಿ ರಾಗಿ ಬೆಳೆಯುತ್ತಿದ್ದವರೆಲ್ಲ ಬಾಡಿಗೆ ವಸೂಲಿ ಮಾಡುವವರಾದ ಮೇಲೆ ನಮಗೆ ಗೊತ್ತಿರುವ ಅಳತೆ ಅದೊಂದೇ. ಆ ಅಳತೆಯಲ್ಲಿ ನೋಡಿದರೆ ನಮ್ಮ ವಂಶದ ಅತಿ ದೊಡ್ಡ ಪೆದ್ದ ನಮ್ಮಪ್ಪ.

ಎಂಬತ್ತರ ದಶಕದ ಶುರುವಿನಲ್ಲಿ ತಾತ ಜಮೀನು ಹಂಚಿದಾಗ ಅಪ್ಪನ ಪಾಲಿಗೂ ಒಂದಷ್ಟು ಸೈಟು ಬಂತು. ಅದರಲ್ಲಿ ಮೂವತ್ತು-ನಲವತ್ತರದೊಂದನ್ನು ಅಪ್ಪ ಎಂಟು ಸಾವಿರಕ್ಕೆ ಮಾರಿ, ಅಷ್ಟೂ ದುಡ್ಡಿಗೆ ಒಂದು ಜಪಾನ್ ಕ್ಯಾಮೆರಾ ತಂದ. ಸ್ಟುಡಿಯೋ ಇಡುತ್ತೇನೆ ಎಂದ, ಇಟ್ಟ ಕೂಡ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಎಲ್ಲ ತೆಗೆದು ನನ್ನನ್ನೂ ತಮ್ಮನನ್ನೂ ಓದಿಸಿದ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮಾರಿದ ಸೈಟಿನ ಮೇಲೆ ಪಿ.ಜಿ. ಹಾಸ್ಟೆಲ್ ಎದ್ದಿತಲ್ಲ, ಅದು ಮಾತ್ರ ಎಲ್ಲರ ಕಣ್ಣಿಗೂ ಬಿತ್ತು.

ಎಲ್ಲರಿಗಿಂತ ಹೆಚ್ಚಾಗಿ ಬಿದ್ದದ್ದು ಅತ್ತೆಯ ಕಣ್ಣಿಗೆ. ಅತ್ತೆ ಎಂದರೆ ಅಪ್ಪನ ಅಕ್ಕ, ವಸಂತಪುರಕ್ಕೆ ಕೊಟ್ಟಿರುವವಳು. ಸೈಟಿನ ಕಥೆ ಹೇಳದೆ ಅವಳು ಊಟದ ಎಲೆಯಿಂದ ಎದ್ದದ್ದನ್ನು ನಾನು ಕಂಡಿಲ್ಲ. ಹಾಸ್ಟೆಲ್ಲಿನ ಮುಂದೆ ಆಟೋ ಹೋದರೆ ಸಾಕು, “ನೋಡೋ, ನಿನ್ನ ಕ್ಯಾಮೆರಾ ಐದನೇ ಫ್ಲೋರ್ ಕಟ್ಟಿಸ್ತಾ ಇದೆ” ಎನ್ನುತ್ತಿದ್ದಳು. ಅಪ್ಪ ಆಟೋದ ಮೀಟರ್ ನೋಡುತ್ತಾ ಕೂರುತ್ತಿದ್ದ, ಅದು ಓಡದಿದ್ದರೂ.

ಆಮೇಲೆ ಡಿಜಿಟಲ್ ಬಂದು ಸ್ಟುಡಿಯೋಗಳ ಹೊಟ್ಟೆಯ ಮೇಲೆ ಹೊಡೆಯಿತು. ಅಪ್ಪ ಕ್ಯಾಮೆರಾವನ್ನು ಜಯನಗರದ ಒಂದು ಅಂಗಡಿಗೆ ಎಕ್ಸ್‌ಚೇಂಜಿಗೆ ಒಯ್ದರೆ ಅವರು ಎಂಟುನೂರು ಎಂದರು, ಅದರಲ್ಲೂ ಮುನ್ನೂರು ಚರ್ಮದ ಕೇಸಿಗಂತೆ. ಅಪ್ಪ ಅದನ್ನು ವಾಪಸ್ ತಂದು ದೇವರ ಗೂಡಿನ ಪಕ್ಕ ಇಟ್ಟ. ಹಳೇ ಪೇಪರ್ ಒಯ್ಯಲು ಬಂದ ಗುಜರಿಯವನು ಅದನ್ನು ನೋಡಿ, “ಇದು ಹಿತ್ತಾಳೆನಾ ಸಾರ್?” ಎಂದು ಕೇಳಿದ ದಿನ ಅಪ್ಪ ಮಧ್ಯಾಹ್ನ ಊಟ ಮಾಡಲಿಲ್ಲ. ಅದಕ್ಕಿಂತ ಕೆಳಗೆ ಬೆಲೆ ಇಳಿಯಲು ಜಾಗವೇ ಇರಲಿಲ್ಲ.

ಆದರೆ ಈಚೆಗೆ ಜನಕ್ಕೆ ಬುದ್ಧಿ ಕೆಟ್ಟಿತು. ಮೊದಲು ಜೆ.ಪಿ. ನಗರದ ಕಾಫಿ ಅಂಗಡಿಗಳು ಸತ್ತ ಕ್ಯಾಮೆರಾಗಳನ್ನು ಶೋಗೆಂದು ಶೆಲ್ಫಿನಲ್ಲಿ ಕೂರಿಸಿದವು. ಅಲ್ಲಿ ಕೂತು ಮುನ್ನೂರು ರೂಪಾಯಿ ಕಾಫಿ ಕುಡಿಯುವವರಿಗೆ ಅವುಗಳಲ್ಲಿ ಫೋಟೋ ತೆಗೆಯುವ ಹುಚ್ಚು ಹತ್ತಿತು. ನೂರು ರೂಪಾಯಿಯ ಫಿಲ್ಮ್ ರೋಲು ಸಾವಿರ ದಾಟಿತು. ಫೋನಿನಲ್ಲಿ ಪುಕ್ಕಟೆ ಬರುವ ಫೋಟೋವನ್ನು ಇವರು ರೋಲು ಹಾಕಿ ತೆಗೆದು, ತೊಳೆಸಿ, ಸ್ಕ್ಯಾನ್ ಮಾಡಿಸಿ, ಕೊನೆಗೆ ಅದೇ ಫೋನಿಗೆ ಹಾಕಿಕೊಳ್ಳುತ್ತಾರೆ. ನನಗಂತೂ ತಲೆಬುಡ ಅರ್ಥವಾಗಲಿಲ್ಲ. ಅಪ್ಪನಿಗೆ ಅರ್ಥವಾಗುವ ಅಗತ್ಯವೇ ಇರಲಿಲ್ಲ, ಅವನ ಮಾಡೆಲ್ಲಿನ ರೇಟು ಏರುತ್ತಿತ್ತು.

ಫೋನಿನಲ್ಲಿ ರೇಟು ನೋಡುವುದನ್ನು ಹೇಳಿಕೊಟ್ಟವಳು ನಾನೇ, ಅನುಭವಿಸಿದವಳೂ ನಾನೇ. ಬೇರೆಯವರ ಅಪ್ಪಂದಿರು ಬೆಳಗ್ಗೆ ಎದ್ದು ಚಿನ್ನದ ರೇಟು ನೋಡುತ್ತಾರೆ, ನಮ್ಮಪ್ಪ ಕ್ಯಾಮೆರಾದ್ದು. ಆರು ಸಾವಿರ, ಹನ್ನೆರಡು, ಲಾಕ್‌ಡೌನ್ ಮುಗಿದ ಮೇಲೆ ಇಪ್ಪತ್ತು. ಮೂವತ್ತೈದಕ್ಕೆ ಯಾರೋ ಹಾಕಿದ್ದನ್ನು ನೋಡಿದ ದಿನ ನನ್ನ ಆಫೀಸಿಗೇ ಫೋನ್ ಮಾಡಿದ. ಸೈಟು ಆಗಲೇ ಕೋಟಿ ದಾಟಿತ್ತು. ಕ್ಯಾಮೆರಾ ಅದನ್ನು ಮುಟ್ಟಬೇಕಾದರೆ ನಮ್ಮ ಮೊಮ್ಮಕ್ಕಳೂ ಮುದುಕರಾಗಬೇಕು ಎಂದು ನಾನು ನಕ್ಕೆ. ಅಪ್ಪನಿಗೆ ಬೇಕಾಗಿದ್ದದ್ದು ದುಡ್ಡಲ್ಲ. ತಾನು ಕೊಟ್ಟ ಎಂಟು ಸಾವಿರಕ್ಕಿಂತ ದೊಡ್ಡದೊಂದು ಮೊತ್ತವನ್ನು ಯಾರಾದರೂ ಅಕ್ಕನ ಎದುರಿಗೆ ಬಾಯಿಬಿಟ್ಟು ಹೇಳಬೇಕಿತ್ತು. ಹಾಗಾಗಿ ಮಾರುವ ತೀರ್ಮಾನವಾಯಿತು, ಫೋನಿನಲ್ಲಿ ಹಾಕಿದೆವು, ಒಬ್ಬಳು ಬಂದು ನೋಡುತ್ತೇನೆ ಎಂದಳು. ಕೊಳ್ಳುವವಳು ಬರುವ ಭಾನುವಾರಕ್ಕೇ ಅತ್ತೆಯನ್ನೂ ಊಟಕ್ಕೆ ಕರೆದ.

ಬಂದ ಹುಡುಗಿಗೆ ಇಪ್ಪತ್ತೆಂಟಿರಬಹುದು, ಬಿ.ಟಿ.ಎಂ. ಲೇಔಟಿನವಳು. ಕ್ಯಾಮೆರಾವನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡಳು. “ಮೂವತ್ತೆರಡಕ್ಕೆ ಓಕೆ ಅಂಕಲ್, ಒಂದ್ಸಲ ಚೆಕ್ ಮಾಡ್ತೀನಿ” ಎಂದಳು. ಅಪ್ಪ ಅಕ್ಕನ ಕಡೆ ತಿರುಗಿದ. ಅಪ್ಪನ ಅಂಥ ಗೆದ್ದ ಮುಖವನ್ನು ನಾನು ಯಾವತ್ತೂ ನೋಡಿರಲಿಲ್ಲ.

ಹುಡುಗಿ ಲೆನ್ಸಿನ ಉಂಗುರ ತಿರುಗಿಸಿದಳು. ಕರಕರ ಎಂದಿತು. ಶಟರ್ ಒತ್ತಿದಳು, ಅದು ಅರ್ಧಕ್ಕೇ ನಿಂತಿತು. ಟಾರ್ಚ್ ಬಿಟ್ಟು ನೋಡಿ, “ಅಂಕಲ್, ಒಳಗೆಲ್ಲ ಕೆಂಪಗೆ ಏನೋ ಇದೆ” ಎಂದಳು.

ಕುಂಕುಮ. ಪ್ರತಿ ಆಯುಧ ಪೂಜೆಗೂ ನಮ್ಮ ಮನೆಯ ಕತ್ತಿ, ಸ್ಕೂಟರು, ಮಿಕ್ಸಿ, ಕ್ಯಾಮೆರಾ ಎಲ್ಲಕ್ಕೂ ಕುಂಕುಮ ಇಡುವವಳು ತವರಿಗೆ ಬಂದ ಅತ್ತೆ, ಮನೆಗೆ ಹಿರಿಯವಳಲ್ಲವೇ. ಮುಚ್ಚಳಕ್ಕೆ ಇಟ್ಟರೆ ಪೂಜೆ ಮುಚ್ಚಳಕ್ಕೇ ಆಗುತ್ತದೆ ಎಂಬುದು ಅವಳ ವಾದ. ಮುಚ್ಚಳ ತೆಗೆದು ನೇರ ಗಾಜಿಗೇ ಇಡುತ್ತಿದ್ದಳು. “ಅಕ್ಕ, ಅದು ಲೆನ್ಸು” ಎಂದರೆ, “ಲಾರಿ ಗಾಜಿಗೆ ಇಡಲ್ವಾ? ಲಾರಿ ಓಡಲ್ವಾ?” ಎನ್ನುತ್ತಿದ್ದಳು. ಅಪ್ಪ ಆಮೇಲೆ ಪಂಚೆಯ ತುದಿಯಿಂದ ಒರೆಸುತ್ತಿದ್ದ. ಅದು ದೇವರ ಗೂಡಿನ ಪಕ್ಕ ಸೇರಿದ ಮೇಲೆ ಇಪ್ಪತ್ತು ವರ್ಷ ಒರೆಸಿ ಒರೆಸಿ ಎಲ್ಲವನ್ನೂ ಒಳಕ್ಕೇ ತಳ್ಳಿದ್ದ ಎಂದು ಕಾಣುತ್ತದೆ.

“ಶೋಪೀಸ್ ಅಂತ ಮೂರು ಸಾವಿರ ಕೊಡಬಹುದು ಅಂಕಲ್. ಬೇಜಾರ್ ಮಾಡ್ಕೋಬೇಡಿ” ಎಂದಳು ಹುಡುಗಿ. ನಿಜಕ್ಕೂ ಮರ್ಯಾದಸ್ಥೆ.

ಅಪ್ಪ ಲೆನ್ಸಿನ ಮುಚ್ಚಳವನ್ನು ಪಂಚೆಯ ತುದಿಯಿಂದ ಒರೆಸಿದ. ಆಮೇಲೆ, “ನೀನು ಹೇಳಿದ್ದೇ ಸರಿ ಅಕ್ಕ. ಸೈಟೇ ಇಟ್ಕೋಬೇಕಿತ್ತು” ಎಂದ.

ಈ ಮಾತಿಗಾಗಿ ಅತ್ತೆ ನಲವತ್ತು ವರ್ಷದಿಂದ ಕಾದಿದ್ದಳು. ಈಗ ಕುಣಿಯುತ್ತಾಳೆ ಎಂದುಕೊಂಡೆ. ಅವಳು ಹುಡುಗಿಯ ಕೈಯಿಂದ ಕ್ಯಾಮೆರಾ ಇಸಿದುಕೊಂಡು, ಒಳಗಿನ ಕೆಂಪನ್ನೊಮ್ಮೆ ನೋಡಿ, “ಇದನ್ನ ಮಾರಲ್ಲಮ್ಮ. ಕಾಫಿ ಕುಡಿದು ಹೋಗು” ಎಂದಳು. ಊಟ ಮಾಡಿ, ಸೈಟಿನ ಮಾತೇ ಎತ್ತದೆ ಆಟೋ ಹತ್ತಿದಳು. ಅಪ್ಪ ಫೋನಿನಲ್ಲಿ ರೇಟು ನೋಡುವುದನ್ನು ಬಿಟ್ಟ. ಬೆಳಗ್ಗೆ ಸುಮ್ಮನೆ ಕೂತಿರುತ್ತಿದ್ದ. ನಗಾಡಿದ್ದ ನಾನೇ ರೇಟು ನೋಡಿ ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮುಂದಿನ ತಿಂಗಳು ಬನಶಂಕರಿಯ ಒಂದು ಛತ್ರದಲ್ಲಿ ನೆಂಟರ ಮದುವೆ. ಅಪ್ಪ, ಅತ್ತೆ, ನಾನು ಒಂದೇ ಪಂಕ್ತಿಗೆ ಕೂತೆವು. ಎದುರು ಸಾಲಿನಿಂದ ದಾಯಾದಿ ಚಿಕ್ಕಪ್ಪನೊಬ್ಬ, “ಏನಣ್ಣ, ಸೈಟು ಮಾರಿ ತಂದ ಕ್ಯಾಮೆರಾ ಮೂರು ಸಾವಿರಕ್ಕೂ ಹೋಗಲಿಲ್ವಂತೆ?” ಎಂದ. ಪಂಕ್ತಿ ನಕ್ಕಿತು. ಉಳಿದ ಕಥೆಗಾಗಿ ಎಲ್ಲರೂ ಅಭ್ಯಾಸಬಲದಿಂದ ಅತ್ತೆಯ ಮುಖ ನೋಡಿದರು.

ಅತ್ತೆ ಅನ್ನ ಕಲಸುತ್ತಲೇ ಹೇಳಿದಳು: “ಅವನದೇನೂ ತಪ್ಪಿಲ್ಲ. ಸೈಟು ಮಾರಿ ಕ್ಯಾಮೆರಾ ತಗೋ ಅಂತ ಹೇಳಿದ್ದು ನಾನು. ಏನೀಗ?”

ಹಸಿ ಸುಳ್ಳು. ಸೈಟು ಮಾರಿದ್ದು ಅವಳಿಗೆ ಗೊತ್ತಾಗಿದ್ದೇ ರಿಜಿಸ್ಟ್ರೇಷನ್ ಆದ ಮೇಲೆ. ಅದು ಆ ಪಂಕ್ತಿಯಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತು. ಅಪ್ಪ ಎಲೆಯಿಂದ ತಲೆ ಎತ್ತಲಿಲ್ಲ. ಬಡಿಸುವವನು ಹತ್ತಿರ ಬಂದಾಗ ಮಾತ್ರ, “ಅಕ್ಕನಿಗೆ ಇನ್ನೊಂದು ಒಬ್ಬಟ್ಟು ಹಾಕಪ್ಪ” ಎಂದ. ಶುಗರ್ ಇರುವ ಅತ್ತೆ ಬೇಡ ಎನ್ನದೆ ತಿಂದಳು.